ಬೆಟ್ಟಕ್ಕೆ ಹೋದ ಜೋಳದ ಹಿಟ್ಟು

ಅತ್ತಿಗೆ ಹೊನಗೊನ್ನೆ ಸೊಪ್ಪು ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಎಲೆ ಒಂದು ಕಡೆ, ದಂಟು ಒಂದು ಕಡೆ, ಹುಳ ತಿಂದದ್ದು ಹಳೇ ಪೇಪರಿನ ಮೇಲೆ. ಅಮ್ಮ ರೊಟ್ಟಿ ಬೇಯಿಸುತ್ತಾ ಎರಡು ಸಲ ತಿರುಗಿ ಆ ಸೊಪ್ಪಿನ ರಾಶಿ ನೋಡಿದರು. ಮೂರನೇ ಸಲ ನೋಡಿದಾಗ ಕೇಳಿದರು.

"ಎಲ್ಲಿಂದ ತಂದೆ ಅದನ್ನ?"

"ಪಕ್ಕದ ಖಾಲಿ ಸೈಟಿಂದ, ಅತ್ತೆ."

"ಅಲ್ಲಿ ನಾಯಿ ಓಡಾಡ್ತವೆ."

"ಚೆನ್ನಾಗಿ ತೊಳೀತೀನಿ."

"ಮೋರಿ ನೀರು ಬೇರೆ ಹರಿಯುತ್ತೆ."

"ಆ ಕಡೇದು ಕಿತ್ತಿಲ್ಲ. ಗೋಡೆ ಪಕ್ಕದ್ದು ಮಾತ್ರ."

ಅಮ್ಮ ರೊಟ್ಟಿ ತಿರುವಿ ಹಾಕಿದರು. "ಕೆಳಗಡೆ ಅಲಮೇಲು ಕೇಳಿದ್ರು ನನ್ನ. ನಿಮ್ಮ ಸೊಸೆ ಬೆಳಿಗ್ಗೆ ಬೆಳಿಗ್ಗೆ ಸೈಟಲ್ಲಿ ಬಗ್ಗಿ ಹುಡುಕ್ತಾ ಇದ್ರು, ಓಲೆ ಗೀಲೆ ಕಳ್ಕೊಂಡ್ರಾ ಅಂತ. ಏನು ಹೇಳ್ಲಿ ನಾನು?"

"ಸೊಪ್ಪು ಅಂತ ಹೇಳಿ, ಅತ್ತೆ."

ಆ ದಿನ ಸೊಪ್ಪಿನ ಸಾರು ಆಯಿತು. ಅತ್ತಿಗೆ ಒಬ್ಬರೇ ಉಂಡರು.

ನಮ್ಮದು ಬಸವೇಶ್ವರನಗರದಲ್ಲಿ ಮೇಲೆ ಕೆಳಗೆ ಎರಡು ಪೋರ್ಷನ್ ಇರುವ ಮನೆ. ಕೆಳಗೆ ಅಲಮೇಲು ಆಂಟಿ ಬಾಡಿಗೆಗೆ ಇದ್ದಾರೆ, ಮೇಲೆ ನಾವು. ನಮ್ಮ ಹಿರಿಯರು ರಾಣೆಬೆನ್ನೂರು ಕಡೆಯವರು. ಅಮ್ಮ ನೀಲಗಂಗಮ್ಮ ರೊಟ್ಟಿ ಮಾಡಿ ಖಾನಾವಳಿಗೂ ಮನೆಗಳಿಗೂ ಕೊಡುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಮೇಲೆ ನಾನೂ ಅದೇ ಕೆಲಸಕ್ಕೆ ಕೂತೆ. ತಟ್ಟುವುದು ನಾನು, ಬೇಯಿಸುವುದು ಅಮ್ಮ. ಅಪ್ಪಾಜಿ ಚನ್ನಮಲ್ಲಪ್ಪನವರು ನಿವೃತ್ತರಾಗಿ ಆರು ವರ್ಷ ಆಯಿತು. ಫೋನಿನಲ್ಲಿ ಆರೋಗ್ಯದ ವಿಡಿಯೋ ನೋಡುವುದು, ನೋಡಿದ್ದನ್ನು ನಮಗೆ ಹೇಳುವುದು ಅವರ ಈಗಿನ ಕೆಲಸ.

ಅಣ್ಣ ಚನ್ನವೀರೇಶ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿದ್ದಾನೆ. ರಂಜಿನಿ ಅತ್ತಿಗೆ ಅಲ್ಲೇ ನರ್ಸ್. ಅವರು ಸೋಲಿಗರು. ಚಾಮರಾಜನಗರದ ಆಚೆ ಬೆಟ್ಟದ ಮೇಲಿನ ಒಂದು ಪೋಡಿನಲ್ಲಿ ಅವರ ಮನೆ. ಪೋಡು ಅಂದರೆ ಅವರ ಹಟ್ಟಿ, ಮೂವತ್ತು ಮನೆ ಇರಬಹುದು. ಹಾಸ್ಟೆಲಿನಲ್ಲಿದ್ದು ಓದಿದವರು. ಎರಡು ವರ್ಷದ ಹಿಂದೆ ಇಬ್ಬರೂ ರಿಜಿಸ್ಟರ್ ಮದುವೆಯಾದರು. ಅಪ್ಪಾಜಿ, "ನಮ್ಮಲ್ಲಿ ಜಾತಿ ನೋಡಬಾರದು" ಅಂದರು. ಅಮ್ಮ ಒಂದು ವಾರ ಅತ್ತರು, ಎರಡನೇ ವಾರ ಅತ್ತಿಗೆಗೆ ರೊಟ್ಟಿ ತಟ್ಟುವುದನ್ನು ಹೇಳಿಕೊಡಲು ಕೂತರು. ಅದು ಅತ್ತಿಗೆಗೆ ಇವತ್ತಿಗೂ ಬಂದಿಲ್ಲ. ಅರ್ಧ ತಟ್ಟುವಷ್ಟರಲ್ಲಿ ಅಂಚು ಸೀಳುತ್ತದೆ. ಅಮ್ಮ ಮಾತ್ರ, "ಇದೇನು ದೊಡ್ಡ ವಿದ್ಯೆನಾ, ಯಾರು ಬೇಕಾದ್ರೂ ಮಾಡ್ತಾರೆ" ಅನ್ನುತ್ತಿದ್ದರು.

ಅತ್ತಿಗೆಗೆ ಐದು ತಿಂಗಳು ತುಂಬಿದಾಗ ರಕ್ತ ಪರೀಕ್ಷೆ ಆಯಿತು. ಅಣ್ಣನೇ ಪರೀಕ್ಷೆ ಮಾಡಿದ. ಹಿಮೋಗ್ಲೋಬಿನ್ ಎಂಟು ಬಂತು. ಹನ್ನೊಂದು ಇರಬೇಕಂತೆ. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಹೀಗೇ ಇಳಿದರೆ ಹೆರಿಗೆಯಲ್ಲಿ ಕಷ್ಟ ಅಂದರಂತೆ. ಮಾತ್ರೆ ತಿಂದರೆ ಅತ್ತಿಗೆಗೆ ವಾಂತಿ. ಡ್ಯೂಟಿಗೆ ರಜೆ ಹಾಕಿ ಮನೆಯಲ್ಲೇ ಉಳಿದರು.

ಆವತ್ತು ಊಟಕ್ಕೆ ಕೂತಾಗ ಎಲ್ಲರಿಗೂ ಒಂದೊಂದು ಗೊತ್ತಿತ್ತು.

"ಶೇಂಗಾ ಚಟ್ನಿಪುಡಿ, ತುಪ್ಪ, ಜೋಳದ ರೊಟ್ಟಿ," ಅಂದರು ಅಮ್ಮ. "ನಾನು ಇವನ್ನ ಹೆತ್ತಾಗ ಅದೇ ತಿಂದಿದ್ದು. ನಾಲ್ಕು ಕೇಜಿ ಇದ್ದ."

"ಈಗ ಎಂಬತ್ತು ಇದೀನಿ," ಅಂದ ಅಣ್ಣ. "ಅಮ್ಮ, ಅವಳಿಗೆ ರೊಟ್ಟಿ ಒಗ್ಗಲ್ಲ. ಮೊಟ್ಟೆ ಬೇಕು. ರಾಗಿ ಬೇಕು."

"ರಾಗಿ ಮಾಡೋಣ. ಮೊಟ್ಟೆ ಮಾತು ಈ ಮನೇಲಿ ಬೇಡ."

"ನವಣೆ," ಅಂದರು ಅಪ್ಪಾಜಿ ಫೋನಿನಿಂದ ತಲೆ ಎತ್ತಿ. "ನವಣೆಲಿ ಎಲ್ಲಾ ಇದೆ ಅಂತ ಇವ್ರು ಹೇಳ್ತಾ ಇದಾರೆ. ಕಾಡಿನ ಜನ ಗಟ್ಟಿಯಾಗಿರೋದೇ ಅದರಿಂದ. ಅಲ್ವೇನಮ್ಮ ರಂಜಿನಿ?"

ಅತ್ತಿಗೆ, "ನವಣೆ ನಮ್ಮಜ್ಜಿ ಕಾಲದಲ್ಲಿ ಬೆಳೀತಿದ್ರಂತೆ, ಮಾವ. ನಾನು ಮೊದಲು ತಿಂದಿದ್ದು ಇಲ್ಲಿ," ಅಂದರು.

ಅಪ್ಪಾಜಿ ಬಿಡಲಿಲ್ಲ. ಮಾರನೇ ದಿನ ರಾಜಾಜಿನಗರದ ಒಂದು ಸಾವಯವ ಅಂಗಡಿಯಿಂದ ನವಣೆ, ಸಾಮೆ, ಒಣಗಿಸಿದ ಕಾಡುಗೆಣಸಿನ ಚಿಪ್ಸು, ಒಂದು ಬಾಟಲಿ ಜೇನು ತಂದರು. ಬಾಟಲಿಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮನುಷ್ಯನ ಚಿತ್ರ ಇತ್ತು. ಅತ್ತಿಗೆ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮ ಬೆಟ್ಟದ್ದೇ," ಅಂದರು. "ಸಿದ್ದೇಶನೂ ಕೀಳೋಕೆ ಹೋಗ್ತಾನೆ." ಸಿದ್ದೇಶ ಅವರ ತಮ್ಮ.

"ಹಾಗಾದ್ರೆ ನಿಮ್ಮ ಮನೇಲಿ ಬೇಕಾದಷ್ಟು ಇರುತ್ತಲ್ಲ," ಅಂದರು ಅಪ್ಪಾಜಿ.

"ಎಲ್ಲಾ ಮಾರಿಬಿಡ್ತಾರೆ, ಮಾವ. ಮನೇಲಿ ಮಕ್ಕಳು ಐದು ರೂಪಾಯಿ ಚಿಪ್ಸ್ ಪ್ಯಾಕೆಟ್ ತಿಂತವೆ."

ಅಪ್ಪಾಜಿಗೆ ಇದು ಹೇಗೆ ಅಂತ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಅವರು ಬಿಟ್ಟದ್ದು ನಮ್ಮ ಮನೆಗೆ ಬಂದಿತ್ತು, ನಮ್ಮ ರಸ್ತೆಯ ಅಂಗಡಿಯಲ್ಲಿರುವುದು ಅವರ ಮನೆಗೆ ಹೋಗಿತ್ತು.

ಮೊಟ್ಟೆಯ ವಿಷಯ ಬೇರೆ ರೀತಿ ನಡೆಯಿತು. ಅಣ್ಣ ಸಂಜೆ ಬರುವಾಗ ಬೇಯಿಸಿದ ಮೊಟ್ಟೆ ಎರಡು ತರುತ್ತಿದ್ದ. ಬಟ್ಟೆ ಒಣಹಾಕುವ ನೆಪದಲ್ಲಿ ಅತ್ತಿಗೆ ಟೆರೇಸಿಗೆ ಹೋಗುತ್ತಿದ್ದರು. ಸಂಜೆ ಆರು ಗಂಟೆಗೆ ಬಟ್ಟೆ ಯಾರು ಒಣಹಾಕುತ್ತಾರೆ. ಅಮ್ಮನಿಗೆ ಗೊತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಸಿಪ್ಪೆಯ ಚೂರು ಬಿದ್ದಿತ್ತು. ಅಮ್ಮ ಅದನ್ನು ಪೊರಕೆಯಿಂದ ಮೂಲೆಗೆ ತಳ್ಳಿ, ನನಗೆ, "ಗಿಡದ ಕುಂಡಕ್ಕೆ ಹಾಕು ಅದನ್ನ," ಅಂದರು. ಅಷ್ಟೇ.

ಏಳನೇ ತಿಂಗಳು ಹತ್ತಿರ ಬಂದಾಗ ಹೆರಿಗೆ ಎಲ್ಲಿ ಅನ್ನುವ ಮಾತು ಬಂತು.

"ಮೊದಲನೇ ಹೆರಿಗೆ ತವರಲ್ಲೇ," ಅಂದರು ಅಮ್ಮ. "ಇಲ್ಲಾಂದ್ರೆ ಅವಳ ತಾಯಿಗೆ ಅವಮಾನ ಮಾಡ್ದಂಗೆ. ನಾಳೆ ನಮ್ಮ ಕಡೆ ಜನಾನೂ ಕೇಳ್ತಾರೆ, ಕಾಡಿನೋರು ಅಂತ ತವರನ್ನೇ ತಪ್ಪಿಸಿದ್ರಾ ಅಂತ."

"ಆಸ್ಪತ್ರೆ ಅಲ್ಲಿಂದ ಮೂವತ್ತು ಕಿಲೋಮೀಟರ್, ಅಮ್ಮ."

"ಹೆರಿಗೆ ಆಸ್ಪತ್ರೇಲಿ ಆಗ್ಲಿ ಕಣೋ. ಬಾಣಂತನ ತಾಯಿ ಹತ್ರ. ಏನಮ್ಮ, ನಿಂಗೆ ಹೋಗ್ಬೇಕು ಅನ್ಸಲ್ವಾ?"

"ಅನ್ಸುತ್ತೆ, ಅತ್ತೆ," ಅಂದರು ಅತ್ತಿಗೆ.

"ನೋಡ್ದಾ. ಊಟದ ಚಿಂತೆ ತಾನೇ ನಿಂದು? ಅದಕ್ಕೆ ನಾನಿದೀನಿ."

ಅಮ್ಮ ಹೊಸ ಜೋಳ ತರಿಸಿದರು. ಆರಿಸಿ, ಬಿಸಿಲಿಗೆ ಹಾಕಿ, ಎದುರಿಗೆ ನಿಂತು ಮಿಲ್ಲು ಮಾಡಿಸಿದರು. ಇಪ್ಪತ್ತೈದು ಕೇಜಿ ಹಿಟ್ಟು. ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ. "ದಾಸೋಹ ಅಂದ್ಕೊಳ್ಳಿ," ಅಂದರು ಅಪ್ಪಾಜಿಗೆ. "ಅವಳೊಬ್ಬಳೇ ತಿನ್ನೋದಲ್ಲ, ಆ ಹಟ್ಟಿ ಮಕ್ಕಳೂ ತಿನ್ಲಿ. ರೊಟ್ಟಿ ತಿಂದ ಮೈಗೆ ರೋಗ ಇಲ್ಲ."

ಹಿಟ್ಟು ಕೊಟ್ಟು, ಮನೆ ನೋಡಿಕೊಂಡು ಬರಲು ಭಾನುವಾರ ನಾಲ್ವರು ಹೊರಟೆವು. ಅಣ್ಣ ಗೆಳೆಯನ ಕಾರು ತಂದಿದ್ದ. ಅಪ್ಪಾಜಿ ಬರಲಿಲ್ಲ. ಬೆಟ್ಟದ ಬುಡದಿಂದ ಮೇಲೆ ಜೀಪು. ಹಿಂದಿನ ದಿನ ಮಳೆ ಬಂದಿತ್ತು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು, ಅಮ್ಮ ಹಿಟ್ಟಿನ ಚೀಲ ಹಿಡಿದುಕೊಂಡು ಕೂತಿದ್ದರು.

ಅತ್ತಿಗೆಯ ತಾಯಿ ಕೇತಮ್ಮ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಮೈ, ಗಟ್ಟಿ ಕೈ. ನಮ್ಮನ್ನು ಚಾಪೆ ಮೇಲೆ ಕೂರಿಸಿ ಊಟಕ್ಕೆ ಹಾಕಿದರು. ಬಿಳಿ ಅನ್ನ, ಪ್ಯಾಕೆಟ್ ಪುಡಿಯ ಸಾಂಬಾರು, ಹಪ್ಪಳದ ಜಾಗದಲ್ಲಿ ಚಿಪ್ಸು. ಕೊನೆಗೆ ಬಿಸ್ಕತ್ತು.

"ಉಣ್ಣಿ ಕನವ್ವಾ," ಅಂದರು. "ಪ್ಯಾಟೆಯೋರು. ನಮ್ಮ ಸಪ್ಪು ಗಿಪ್ಪು ನಿಮಗೆ ಸೇರಾಕಿಲ್ಲ."

ಅಮ್ಮ ಮರ್ಯಾದೆಗೆ ಪೂರ್ತಿ ಉಂಡರು. ಉಣ್ಣುತ್ತಾ ಕೇಳಿದರು. "ರಾಗಿ ಬೆಳೆಯಲ್ವಾ ನೀವು?"

"ಬೆಳೀತಿದ್ದೊ. ಆನೆ ಮೇಯ್ಕಂಡು ಹೋಯ್ತವೆ. ಎರಡು ವರ್ಸಾಯ್ತು ಬುಟ್ಟು."

"ಗೆಣಸು, ಸೊಪ್ಪು, ಅವೆಲ್ಲ ಕಾಡಲ್ಲಿ ಸಿಗುತ್ತಂತಲ್ಲ?"

"ಒಳೀಕೆ ಹೋಗ್ಬೇಕಲ್ಲವ್ವ. ಮೊದ್ಲಂಗಲ್ಲ. ಫಾರೆಸ್ಟಿನೋರು ಒಂದು ದಿನ ಬುಡ್ತಾರೆ, ಒಂದು ದಿನ ಬ್ಯಾಡ ಅಂತಾರೆ."

"ಸರ್ಕಾರದೋರು ಆಹಾರದ ಕಿಟ್ಟು ಕೊಡ್ತಾರಂತೆ, ಬೇಳೆ, ಎಣ್ಣೆ, ಮೊಟ್ಟೆ?" ಮೊಟ್ಟೆ ಅನ್ನುವಾಗ ಅಮ್ಮನ ದನಿ ಸಣ್ಣದಾಯಿತು.

"ಕೊಡ್ತಾರೆ. ಮಳೇಲಿ ಗಾಡಿ ಹತ್ತಾಕಿಲ್ಲ. ದಾರಿ ಒಣಗದ ಮ್ಯಾಲೆ ಬತ್ತದೆ."

ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಅತ್ತಿಗೆ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತಿದ್ದರು. ಸುಟ್ಟ ಗೆಣಸು, ಒಂದು ಮಡಕೆಯಲ್ಲಿ ಕಪ್ಪಗೆ ಬೆಂದ ಸೊಪ್ಪು, ಒಂದು ಮುದ್ದೆ. ಪಕ್ಕದಲ್ಲಿ ಸಿದ್ದೇಶ ಗೆಣಸಿನ ಬೂದಿ ಒರೆಸಿ ಒರೆಸಿ ಕೊಡುತ್ತಿದ್ದ. ನಮ್ಮ ಮನೆಯಲ್ಲಿ ಒಂದು ವಾರದಲ್ಲಿ ತಿನ್ನುವುದನ್ನು ಅವರು ಅಲ್ಲಿ ಒಂದೇ ಸಲ ತಿಂದರು. ಬೆವರು ಬಂದಿತ್ತು.

"ಬಾ ಶಿವು, ತಿನ್ನು," ಅಂದು ಒಂದು ತುಂಡು ಕೊಟ್ಟರು. ಬೆಣ್ಣೆಯ ಹಾಗೆ ಇತ್ತು.

"ಇದು ದಿನಾ ಸಿಗುತ್ತಾ?" ಅಂತ ಕೇಳಿದೆ. ಅಪರಿಚಿತರ ಎದುರು ನಾನು ಅಷ್ಟು ಮಾತಾಡಿದ್ದೇ ಹೆಚ್ಚು.

ಸಿದ್ದೇಶ ನಕ್ಕ. "ಎರಡು ದಿನ ಅಲೆದು ಒಂದು ಗೆಣಸು ಅಗೆದಿದ್ದು. ಮುದ್ದೆ ಪಕ್ಕದ ಮನೇದು."

"ಮತ್ತೆ ನಾಳೆ?"

"ನಾಳೆ ಅನ್ನ. ರೇಷನ್ ಅಕ್ಕಿ ಅದೆ."

ಹೊರಡುವ ಮುಂಚೆ ಅಮ್ಮ ಚೀಲ ಬಿಚ್ಚಿ ಹಿಟ್ಟು ತೋರಿಸಿದರು. "ಇವಳು ಬರೋ ಹೊತ್ತಿಗೆ ಇರ್ಲಿ. ನೀವೂ ಮಾಡ್ಕೊಳ್ಳಿ, ಮಕ್ಕಳಿಗೂ ಹಾಕಿ. ಬಿಸಿನೀರಲ್ಲಿ ಕಲಸಿ ತಟ್ಟೋದು, ಅಷ್ಟೇ."

ಕೇತಮ್ಮ ಹಿಟ್ಟು ಮುಟ್ಟಿ, "ಆಗ್ಲಿ ಕನವ್ವಾ," ಅಂದರು. ಸುತ್ತ ನಿಂತ ಹೆಂಗಸರೂ ಮುಟ್ಟಿ ನೋಡಿದರು. ಒಲೆಯ ಹತ್ತಿರ ಎಲ್ಲೂ ರೊಟ್ಟಿಯ ಹಂಚು ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಎಸರು ಎಷ್ಟು ಕಾಯಬೇಕು, ಎಷ್ಟು ನಾದಬೇಕು, ಅಂಗೈ ಹೇಗೆ ತಿರುಗಬೇಕು ಅಂತ ಹೇಳಿಕೊಡಬೇಕಿತ್ತು. ಹತ್ತು ನಿಮಿಷದ ಕೆಲಸ. ಅಷ್ಟು ಜನರ ಎದುರು ನೆಲದಲ್ಲಿ ಕೂತು ತಟ್ಟಲು ನನಗೆ ನಾಚಿಕೆಯಾಯಿತು. ಜೀಪು ಹತ್ತಿದೆ.

ಕಾರು ಕನಕಪುರ ದಾಟಿದ ಮೇಲೆ ಅಮ್ಮ, "ಅಲ್ಲಿ ತಿನ್ನೋಕೆ ಏನೂ ಇಲ್ಲ. ಇವಳನ್ನ ಕಳಿಸಲ್ಲ ನಾನು," ಅಂದರು.

"ಹೋದ ವಾರ ತವರು ತವರು ಅಂದಿದ್ದು ಯಾರು?" ಅಂದ ಅಣ್ಣ.

"ನೋಡಿರಲಿಲ್ಲ ಕಣೋ. ಮನೆಗೆ ಬಂದೋರಿಗೆ ಚಿಪ್ಸ್ ಹಾಕ್ತಾರೆ ಅಂದ್ರೆ."

"ನಿಮಗೋಸ್ಕರ ಹಾಕಿದ್ದು, ಅತ್ತೆ," ಅಂದರು ಅತ್ತಿಗೆ. "ಅಂಗಡಿಗೆ ಆರು ಕಿಲೋಮೀಟರ್ ನಡ್ಕೊಂಡು ಹೋಗಿ ತಂದಿದ್ದಾಳೆ ಅವ್ವ. ಮನೇಲಿ ಬೇರೆ ಇತ್ತು."

"ಇದ್ದಿದ್ರೆ ಅದನ್ನೇ ಹಾಕ್ಬೇಕಿತ್ತಪ್ಪ. ನಾವೇನು ಬೇಡ ಅಂತಿದ್ವಾ? ಶಿವರಂಜನಿ, ನೀನು ಹಿತ್ತಲಿಗೆ ಹೋಗಿದ್ದೆಯಲ್ಲ, ಏನಾದ್ರೂ ಇತ್ತಾ ಅಲ್ಲಿ?"

ನಾನು ಯೋಚಿಸಿದೆ. ಇತ್ತು ಅಂದರೆ ಸುಳ್ಳು, ಇಲ್ಲ ಅಂದರೂ ಸುಳ್ಳು. "ಒಂದು ಗೆಣಸು ಇತ್ತು," ಅಂದೆ.

"ಕೇಳ್ದ್ಯಾ," ಅಂದರು ಅಮ್ಮ ಅಣ್ಣನಿಗೆ.

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಮನೆ ಮುಟ್ಟುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಆಮೇಲೆ ಮೂರು ವಾರ ಹೋಗುವುದೋ ಇರುವುದೋ ಅಂತ ತೀರ್ಮಾನ ಆಗಲಿಲ್ಲ. ಅಮ್ಮ ಒಂದು ದಿನ ಬೇಡ ಅನ್ನುವರು. ಫೋನಿನಲ್ಲಿ ಯಾರಾದರೂ ನೆಂಟರು, "ಸೊಸೇನ ತವರಿಗೆ ಯಾವಾಗ ಕಳಿಸ್ತೀರಿ" ಅಂತ ಕೇಳಿದರೆ, "ಒಂಬತ್ತಕ್ಕೆ ಬೀಳ್ಲಿ, ಕಳಿಸ್ತೀವಿ" ಅನ್ನುವರು. ಅತ್ತಿಗೆ ಚೀಲಕ್ಕೆ ಬಟ್ಟೆ ತುಂಬಿದರು, ತೆಗೆದರು. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ, "ಅಲ್ಲಿಗೆ ಹೋದ್ರೆ ಹೊಟ್ಟೆಗೆ ಸೇರುತ್ತೆ ಕಣೇ" ಅನ್ನುವರು. ಮಧ್ಯಾಹ್ನ, "ಬರೀ ಅನ್ನ ತಿಂದು ಹೆತ್ತಿದ್ದಕ್ಕೆ ನಮ್ಮಕ್ಕನ ಮಗು ಒಂದೂವರೆ ಕೇಜಿ ಇತ್ತು" ಅನ್ನುವರು.

"ನೀವು ನರ್ಸ್ ಅಲ್ವಾ ಅತ್ತಿಗೆ, ನೀವೇ ಹೇಳಿ," ಅಂದೆ.

"ಬೇರೆಯವರಿಗೆ ಹೇಳ್ತಿದ್ದೆ. ಸೊಪ್ಪು ತಿನ್ನಿ, ಮೊಟ್ಟೆ ತಿನ್ನಿ ಅಂತ. ಎಲ್ಲಿ ತಿನ್ನಿ ಅಂತ ಯಾರೂ ಕೇಳ್ತಿರಲಿಲ್ಲ."

ಒಂದು ಸಂಜೆ ಕೇತಮ್ಮನ ಫೋನು ಬಂತು. ಅವರಿಗೆ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ ಮಾತ್ರ, ಅದಕ್ಕೆ ಕೂಗಿ ಕೂಗಿ ಮಾತಾಡುತ್ತಾರೆ. ಅತ್ತಿಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಸ್ಪೀಕರಿಗೆ ಹಾಕಿದರು. ಅಮ್ಮ ಹಂಚಿನ ಮುಂದೆ ಇದ್ದರು.

"ಆ ಹಿಟ್ಟು ಏನು ಮಾಡ್ದೆ ಅವ್ವ?" ಅಂತ ಅತ್ತಿಗೆಯೇ ಕೇಳಿದರು.

"ಚೆಂದಾಗದೆ ಕನ ಹಿಟ್ಟು. ಮುದ್ದೆ ಕಟ್ಟಿದೊ, ಒಡೆದೋಯ್ತು. ಗಂಜಿ ಕಾಸಿದೊ, ಕೈ ಅಂದ್ವು ಐಕ್ಳು. ಈಗ ಕೋಳಿಗೆ ಹಾಕ್ತಿವ್ನಿ. ಚೆಂದಾಗಿ ಮೇಯ್ತವೆ."

ಅತ್ತಿಗೆ ನಕ್ಕುಬಿಟ್ಟರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು. ಅಮ್ಮ ಗ್ಯಾಸ್ ಆರಿಸಿದರು.

"ಕೋಳಿಗೆ," ಅಂದರು.

ಅತ್ತಿಗೆ ಫೋನ್ ಇಟ್ಟರು. "ಅತ್ತೆ, ಅವರಿಗೆ ರೊಟ್ಟಿ ಬರಲ್ಲ. ನಂಗೇ ಬರಲ್ಲ."

"ಬಿಸಿಲಲ್ಲಿ ಕೂತು ಒಂದೊಂದು ಕಾಳು ಆರಿಸಿದೀನಿ ನಾನು."

"ಗೊತ್ತು."

"ಗೊತ್ತಿದ್ದು ನಗ್ತೀಯಲ್ಲ. ನಮ್ಮಲ್ಲಿ ಅನ್ನ ಚೆಲ್ಲಬಾರದು ಅಂತಾರೆ."

"ಚೆಲ್ಲಿಲ್ಲ ಅತ್ತೆ. ಅದು ಹಳೇದಾಗಿದೆ, ಕಹಿ ಬಂದಿದೆ. ಮಕ್ಕಳು ಹೇಗೆ ತಿಂತವೆ?"

ಅದು ನಿಜ. ಜೋಳದ ಹಿಟ್ಟು ಹದಿನೈದು ದಿನ ಕಳೆದರೆ ಜಿಗಿ ಕಳೆದುಕೊಳ್ಳುತ್ತದೆ, ಆಮೇಲೆ ಯಾರು ತಟ್ಟಿದರೂ ಸೀಳುತ್ತದೆ. ಅಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ. ನಮ್ಮ ಮನೆಯಲ್ಲಿ ವಾರಕ್ಕಿಂತ ಹಳೆಯ ಹಿಟ್ಟು ಇಟ್ಟವರೇ ಅಲ್ಲ. ಬೆಟ್ಟಕ್ಕೆ ಕಳಿಸುವಾಗ ಮಾತ್ರ ಅದು ಯಾಕೆ ಮರೆತುಹೋಯಿತೋ.

ಅಣ್ಣ ಬಂದ. ವಿಷಯ ಕೇಳಿ ಶೂ ಬಿಚ್ಚುತ್ತಾ, "ಆ ಕೋಳಿ ಮೊಟ್ಟೆ ಇಡುತ್ತೆ, ಮೊಟ್ಟೆ ಮಕ್ಕಳು ತಿಂತಾರೆ. ನಿಮ್ಮ ದಾಸೋಹ ತಲುಪ್ತು ಬಿಡಿ ಅಮ್ಮ," ಅಂದ.

"ತಾಯಿ ಹತ್ರ ಆಡೋ ಮಾತೇನೋ ಅದು?" ಅಂದರು ಅಪ್ಪಾಜಿ.

"ನಾನೇನು ತಪ್ಪು ಹೇಳ್ದೆ? ಅಲ್ಲಿಗೆ ಏನು ಬೇಕು ಅಂತ ಒಬ್ರಾದ್ರೂ ಕೇಳಿದ್ವಾ?"

"ನೀನು ಕೇಳ್ಬೇಕಿತ್ತು. ನಿನ್ನ ಹೆಂಡ್ತಿ ಮನೆ."

ಅಣ್ಣ ಶೂ ಗೋಡೆ ಬದಿಗೆ ಇಟ್ಟ. ಅವನೂ ಕೇಳಿರಲಿಲ್ಲ. ಅಮ್ಮ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ರೊಟ್ಟಿ ಮಾತ್ರ ಒಂದೂ ಸೀಯಲಿಲ್ಲ. ಹಿಟ್ಟಿನ ವಿಷಯದಲ್ಲಿ ನನ್ನ ತಪ್ಪೂ ಇದೆ ಅಂತ ಹೇಳಬೇಕು ಅಂದುಕೊಂಡೆ. ಹೇಗೆ ಶುರುಮಾಡುವುದೋ ಗೊತ್ತಾಗಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಅತ್ತಿಗೆಯ ರಕ್ತ ಏಳೂವರೆಗೆ ಇಳಿದಿತ್ತು. ಅಣ್ಣ ನಂಬದೆ ಇನ್ನೊಂದು ಸಲ ಮಾಡಿದ. ಏಳೂವರೆಯೇ. ಡಾಕ್ಟರಮ್ಮ ಅಮ್ಮನನ್ನೂ ಒಳಗೆ ಕರೆದರು. ಅಮ್ಮನ ಜೊತೆ ನಾನೂ ಹೋಗಿ ಗೋಡೆಗೆ ಒರಗಿ ನಿಂತೆ.

"ಡ್ರಿಪ್ಪಲ್ಲಿ ಕಬ್ಬಿಣದಂಶ ಕೊಡ್ತೀವಿ, ನಾಲ್ಕೈದು ಸಲ. ದೂರ ಪ್ರಯಾಣ ಬೇಡವೇ ಬೇಡ. ಹೆರಿಗೆ ಇಲ್ಲೇ. ರಕ್ತ ರೆಡಿ ಇಟ್ಕೊಂಡಿರ್ಬೇಕು," ಅಂದರು. "ಮನೇಲಿ ಇವ್ರು ಏನು ತಿಂತಾರೆ?"

"ಎಲ್ಲಾ ಇದೆ ಡಾಕ್ಟ್ರೇ, ಮನೇಲಿ," ಅಂದರು ಅಮ್ಮ. "ತುಪ್ಪ, ಹಾಲು, ಕಾಳು. ಯಾವುದಕ್ಕೂ ಕಮ್ಮಿ ಇಲ್ಲ."

"ಇರೋದು ಕೇಳ್ಲಿಲ್ಲಮ್ಮ. ತಿನ್ನೋದು ಕೇಳ್ದೆ."

ಅಮ್ಮ ನನ್ನ ಕಡೆ ನೋಡಿದರು. ಆ ದಿನ ಬೆಳಿಗ್ಗೆ ಅತ್ತಿಗೆ ಅರ್ಧ ರೊಟ್ಟಿ ಹಾಲಿಗೆ ಅದ್ದಿಕೊಂಡು ತಿಂದು, ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದಿದ್ದರು.

ಎರಡು ಡ್ರಿಪ್ ಆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಮ್ಮ ಅತ್ತಿಗೆಗೆಂದು ರಾಗಿಮುದ್ದೆ ಮಾಡಿದ್ದರು. ಅಮ್ಮನ ಕೈಗೆ ಮುದ್ದೆ ಬರುವುದಿಲ್ಲ, ಒಳಗೆ ಹಿಟ್ಟಿನ ಗಂಟು ಉಳಿಯುತ್ತದೆ. ಅತ್ತಿಗೆ ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಉಳಿದದ್ದನ್ನು ನುಂಗುತ್ತಿದ್ದರು.

"ಬಾಣಂತನ ನಾನೇ ಮಾಡ್ತೀನಿ," ಅಂದರು ಅಮ್ಮ. "ತಲೆ ಕೆಡಿಸ್ಕೋಬೇಡ. ಮೂರು ತಿಂಗಳು ರೊಟ್ಟಿ ಆರ್ಡರು ಅರ್ಧಕ್ಕೆ ಇಳಿಸ್ತೀನಿ. ಬಿಸಿ ಅನ್ನ, ಬೆಳ್ಳುಳ್ಳಿ, ಕಾಳುಮೆಣಸಿನ ಸಾರು. ಸೊಪ್ಪು ಬೇಡ, ಮಗೂಗೆ ಆಗಲ್ಲ. ರಾಗಿ ತಂಪು, ಅದೂ ಬೇಡ."

"ಸೊಪ್ಪಿಂದ ಮಗೂಗೆ ಏನೂ ಆಗಲ್ಲ ಅಮ್ಮ," ಅಂದ ಅಣ್ಣ.

"ನೀನು ಹೆತ್ತಿದೀಯಾ?"

"ವಿಡಿಯೋದಲ್ಲಿ ಇಬ್ರೂ ಸರಿ ಅಂತಿದ್ರು," ಅಂದರು ಅಪ್ಪಾಜಿ. "ಒಬ್ರು ತಿನ್ನಿ ಅಂದ್ರು, ಇನ್ನೊಬ್ರು ಬೇಡ ಅಂದ್ರು. ಇಬ್ರೂ ಡಾಕ್ಟ್ರೇ."

ಅತ್ತಿಗೆ ಕೈ ಎತ್ತಿ ತಟ್ಟೆಯ ಮೇಲೆ ಹಿಡಿದು ಕೂತಿದ್ದರು. ಅವರ ಉಗುರಿನ ಬಣ್ಣ ಈಗಲೂ ಬಿಳಿಯಾಗಿತ್ತು.

"ಅತ್ತೆ, ನೀವು ಮಾಡ್ತೀರ, ನಂಗೊತ್ತು," ಅಂದರು. "ಇಷ್ಟು ದಿನಾನೂ ಮಾಡಿದೀರ. ನಾನು ಬೆಟ್ಟಕ್ಕೆ ಹೋಗಲ್ಲ, ಅದೂ ಆಯ್ತು."

"ಮತ್ತೇನು ಬೇಕು ಹೇಳಮ್ಮ," ಅಂದರು ಅಮ್ಮ.

"ನಮ್ಮವ್ವ ಇಲ್ಲಿಗೆ ಬರ್ಲಿ. ಮೂರು ತಿಂಗಳು ಈ ಮನೇಲೇ ಇರ್ಲಿ. ನಂಗೆ ಸೇರೋದನ್ನ ಇದೇ ಒಲೆ ಮೇಲೆ ಮಾಡಿ ಹಾಕ್ಲಿ."

ಅಪ್ಪಾಜಿ ನೀರಿನ ಲೋಟ ಎತ್ತಿಕೊಂಡರು, ಕುಡಿಯಲಿಲ್ಲ. ಅಣ್ಣ ಅಮ್ಮನನ್ನು ನೋಡಿದ. ಅಮ್ಮ ಅಡುಗೆಮನೆಯ ಬಾಗಿಲ ಕಡೆ ನೋಡಿದರು, ಆಮೇಲೆ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದರು. ಕೆಳಗಿನ ಮನೆಯಲ್ಲಿ ಟಿವಿ ಓಡುತ್ತಿತ್ತು. ನನ್ನ ಬಾಯಲ್ಲಿ ತುತ್ತು ಇತ್ತು.

ಅತ್ತಿಗೆ ಎಡಗೈಯಲ್ಲಿ ಫೋನು ತೆಗೆದುಕೊಂಡರು.

"ಇವತ್ತು ಅವ್ವ ಬಂಡೆ ಹತ್ರ ಬರ್ತಾಳೆ. ಬಾ ಅಂತ ಹೇಳ್ಲಾ, ಅತ್ತೆ?"